ಯಾರಿಗೆ ಯಾವ ಉಸಿರು? ನಾಡಿಶೋಧನದಿಂದ ವಿಮ್ ಹಾಫ್‌ವರೆಗೆ ಒಂದು ಹೋಲಿಕೆ

ಕಳೆದ ದೀಪಾವಳಿಗೆ ಮೈಸೂರಿನ ನಮ್ಮ ಮನೆಯಲ್ಲಿ ಎಲ್ಲರೂ ಸೇರಿದ್ದಾಗ ಮಾತು ಉಸಿರಾಟದ ಕಡೆ ತಿರುಗಿತು. ಅಪ್ಪನಿಗೆ ಎಪ್ಪತ್ನಾಲ್ಕು, ಬಿಪಿ ಮಾತ್ರೆ ನಡೆಯುತ್ತಿದೆ. ಬೆಳಗ್ಗೆ ಎದ್ದು ಟಿವಿ ಮುಂದೆ ಕೂತು, ಹೊಟ್ಟೆ ಒಳಗೆಳೆದು ಉಸಿರನ್ನು ಜೋರಾಗಿ ಹೊರಚಿಮ್ಮಿಸುವ ಕಪಾಲಭಾತಿ ಮಾಡುತ್ತಾರೆ. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವ ತಂಗಿಯ ಮಗಳಿಗೆ ರಾತ್ರಿ ನಿದ್ದೆ ಹತ್ತುವುದಿಲ್ಲ. ಫೋನಿನ ಆ್ಯಪ್ ಹೇಳಿದಂತೆ ನಾಲ್ಕು ಎಣಿಸಿ ಎಳೆದುಕೊಂಡು, ಏಳು ಎಣಿಸಿ ಹಿಡಿದು, ಎಂಟು ಎಣಿಸಿ ಬಿಡುತ್ತಾಳೆ. ತಮ್ಮ ಯೂಟ್ಯೂಬ್‌ನಲ್ಲಿ ವಿಮ್ ಹಾಫ್ ವಿಧಾನ ನೋಡಿ ಮೂವತ್ತು ಸಲ ಬುಸುಬುಸು ಉಸಿರಾಡಿ ತಣ್ಣೀರು ಸುರಿದುಕೊಳ್ಳುತ್ತಾನೆ. ನಾನು ಚಿಕ್ಕಂದಿನಿಂದ ಉಬ್ಬಸದವಳು, ಕೈಚೀಲದಲ್ಲಿ ಇನ್‌ಹೇಲರ್ ಇಲ್ಲದೆ ಹೊಸ್ತಿಲು ದಾಟಿದವಳಲ್ಲ. "ಏನೇನೋ ಓದ್ತಿರ್ತೀಯಲ್ಲ, ಇದ್ರಲ್ಲಿ ಯಾವ್ದು ಒಳ್ಳೇದು ಹೇಳಮ್ಮ" ಅಂದರು ಅಪ್ಪ.

ಅವತ್ತು ನನ್ನ ಹತ್ತಿರ ಸರಿಯಾದ ಉತ್ತರ ಇರಲಿಲ್ಲ. ಆಮೇಲೆ ಒಂದೊಂದನ್ನೂ ಮಾಡಿ ನೋಡಿ, ಓದಿ, ನಮ್ಮ ಡಾಕ್ಟರನ್ನೂ ಕೇಳಿಕೊಂಡು ಬರೆದದ್ದು ಇದು. ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ. ಬಹುಪಾಲು ಜನರಿಗೆ ಬೇಕಿರುವುದು ನಿಧಾನದ ಉಸಿರು, ಅದಕ್ಕೆ ಒಂದು ಕಾಸೂ ಬೇಡ. ಜೋರು ಉಸಿರಿನ ವಿಧಾನಗಳಿಗೂ ಅವುಗಳದೇ ಜಾಗವಿದೆ. ಆದರೆ ಅವು ಎಲ್ಲರ ಮೈಗೂ ಒಗ್ಗುವುದಿಲ್ಲ. ಯಾರಿಗೆ ಒಗ್ಗುವುದಿಲ್ಲ ಅನ್ನುವುದನ್ನು ಕಲಿಸುವವರು ಸಾಕಷ್ಟು ಒತ್ತಿ ಹೇಳುತ್ತಿಲ್ಲ.

ಈ ವಿದ್ಯೆ ನಮಗೆ ಹೊಸದಲ್ಲ. ಚಿತ್ರದುರ್ಗ ಜಿಲ್ಲೆಯ ಮುಚುಕುಂದಪುರದಲ್ಲಿ ಹುಟ್ಟಿದ ಟಿ. ಕೃಷ್ಣಮಾಚಾರ್ಯರು 1930ರ ದಶಕದಲ್ಲಿ ನಾಲ್ವಡಿಯವರ ಆಸರೆಯಲ್ಲಿ ಇದೇ ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆ ನಡೆಸಿದರು. ಕೋಲಾರ ಸೀಮೆಯ ಬೆಳ್ಳೂರಿನ ಬಿ.ಕೆ.ಎಸ್. ಅಯ್ಯಂಗಾರ್, ಹಾಸನ ಸೀಮೆಯ ಪಟ್ಟಾಭಿ ಜೋಯಿಸ್ ಅಲ್ಲಿಂದಲೇ ಲೋಕಕ್ಕೆ ಹೋದವರು. 2015ರಿಂದ ಜೂನ್ 21 ಅಂತರರಾಷ್ಟ್ರೀಯ ಯೋಗ ದಿನವಾಯಿತು. ಆಮೇಲೆ ಕೊರೊನಾ ಬಂತು. ಉಸಿರು ಅನ್ನುವುದು ತಾನಾಗಿ ನಡೆಯುವ ಸಂಗತಿ ಅಂದುಕೊಂಡಿದ್ದವರೆಲ್ಲ ಬೆರಳಿಗೆ ಆಕ್ಸಿಮೀಟರ್ ಸಿಕ್ಕಿಸಿಕೊಂಡು ಅಂಕಿ ನೋಡುತ್ತ ಕೂತರು. ಉಸಿರಿನ ತರಬೇತಿ ಒಂದು ದೊಡ್ಡ ವ್ಯಾಪಾರವಾಗಿ ಬೆಳೆದದ್ದು ಆ ಭಯದ ದಿನಗಳ ನಂತರವೇ.

ಮೊದಲು ಒಂದು ತಪ್ಪು ಕಲ್ಪನೆ

"ಆಳವಾಗಿ ಉಸಿರಾಡಿ, ಮೈತುಂಬ ಆಮ್ಲಜನಕ ತುಂಬುತ್ತದೆ" ಅನ್ನುವ ಮಾತನ್ನು ಎಲ್ಲ ಶಿಬಿರದಲ್ಲೂ ಕೇಳುತ್ತೇವೆ. ಕೊರೊನಾ ಕಾಲದ ಆಕ್ಸಿಮೀಟರ್ ಇನ್ನೂ ಬೀರುವಿನಲ್ಲಿದ್ದರೆ ತೆಗೆದು ಬೆರಳಿಗೆ ಹಾಕಿ. ಆರೋಗ್ಯವಂತರಿಗೆ ಸುಮ್ಮನೆ ಕೂತಾಗಲೇ 97 ಅಥವಾ 98 ತೋರಿಸುತ್ತದೆ. ಹತ್ತು ಸಲ ಆಳವಾಗಿ ಎಳೆದುಕೊಳ್ಳಿ. ಹೆಚ್ಚೆಂದರೆ ಒಂದು ಅಂಕಿ ಏರುತ್ತದೆ. ರಕ್ತದ ಕೊಡ ಆಗಲೇ ತುಂಬಿರುತ್ತದೆ, ಇನ್ನು ಸುರಿಯಲು ಜಾಗವೇ ಇಲ್ಲ.

ಉಸಿರಾಟದ ವೇಗ ಬದಲಾದರೆ ನಿಜವಾಗಿ ಏರಿಳಿಯುವುದು ಇಂಗಾಲದ ಡೈಆಕ್ಸೈಡ್. ಸುಮ್ಮನೆ ಕೂತ ಮನುಷ್ಯ ನಿಮಿಷಕ್ಕೆ 12ರಿಂದ 20 ಸಲ ಉಸಿರಾಡುತ್ತಾನೆ. ಅದಕ್ಕಿಂತ ಜೋರಾಗಿ, ಆಳವಾಗಿ ಉಸಿರಾಡುತ್ತ ಹೋದರೆ ಇಂಗಾಲದ ಡೈಆಕ್ಸೈಡ್ ಬೇಕಾದ್ದಕ್ಕಿಂತ ಹೆಚ್ಚು ಹೊರಹೋಗುತ್ತದೆ. ಆಗ ಮೆದುಳಿನ ರಕ್ತನಾಳಗಳು ಕಿರಿದಾಗಿ ತಲೆ ಹಗುರವಾದಂತೆ, ತೇಲಿದಂತೆ ಅನಿಸುತ್ತದೆ. ರಕ್ತದ ಕ್ಷಾರತೆ ಏರಿ, ನರಗಳಿಗೆ ಸಿಗುವ ಕ್ಯಾಲ್ಸಿಯಂ ಕಡಿಮೆಯಾಗಿ, ತುಟಿ ಬೆರಳು ಜುಮ್ಮೆನ್ನುತ್ತವೆ. ಹಲವರು ಇದನ್ನೇ "ಶಕ್ತಿ ಹರಿದ ಅನುಭವ" ಅಂತ ಬಣ್ಣಿಸುತ್ತಾರೆ.

ನಿಧಾನವಾಗಿ ಉಸಿರಾಡಿದಾಗ ನಡೆಯುವುದೇ ಬೇರೆ. ಉಸಿರು ಎಳೆದಾಗ ಎದೆಬಡಿತ ಸ್ವಲ್ಪ ಏರುತ್ತದೆ, ಬಿಟ್ಟಾಗ ಇಳಿಯುತ್ತದೆ. ಮಣಿಕಟ್ಟಿನ ನಾಡಿ ಹಿಡಿದು ಕೂತರೆ ನಿಮಗೇ ಗೊತ್ತಾಗುತ್ತದೆ. ನಿಮಿಷಕ್ಕೆ ಆರರ ಆಸುಪಾಸಿಗೆ ಬಂದಾಗ ಈ ಏರಿಳಿತ ಅತಿ ದೊಡ್ಡದಾಗುತ್ತದೆ. ರಕ್ತದೊತ್ತಡವನ್ನು ಹದದಲ್ಲಿಡುವ ವ್ಯವಸ್ಥೆಯೂ ಅದೇ ತಾಳಕ್ಕೆ ಕೂಡಿಕೊಳ್ಳುತ್ತದೆ. ಹಾಗಾಗಿ ಹೆಸರು ನೂರಿದ್ದರೂ ಆರಿಸುವಾಗ ಮೊದಲು ಕೇಳಬೇಕಾದ್ದು ಒಂದೇ ಪ್ರಶ್ನೆ: ಇದು ಉಸಿರನ್ನು ನಿಧಾನ ಮಾಡುತ್ತದೆಯೋ, ಜೋರು ಮಾಡುತ್ತದೆಯೋ?

ನಿಧಾನದ ದಾರಿ: ನಾಡಿಶೋಧನ, ಭ್ರಾಮರಿ, ಬರೀ ನಾಲ್ಕು–ಆರು

ನಮ್ಮಜ್ಜ ಸಂಧ್ಯಾವಂದನೆಗೆ ಕೂತಾಗ ಮೂಗು ಹಿಡಿದು ತುಟಿ ಆಡಿಸುವುದನ್ನು ಕಂಬದ ಹಿಂದೆ ನಿಂತು ನೋಡುತ್ತಿದ್ದೆ. ಮಂತ್ರ ಮುಗಿಯುವ ತನಕ ಬೆರಳು ಸಡಿಲವಾಗುತ್ತಿರಲಿಲ್ಲ. ಮಂತ್ರವೇ ಅವರ ಗಡಿಯಾರ. 2001ರಲ್ಲಿ ಇಟಲಿಯ ಲುಚಿಯಾನೊ ಬರ್ನಾರ್ಡಿ ಮತ್ತು ಸಂಗಡಿಗರು ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟಿಸಿದ ಅಧ್ಯಯನ ಓದುವಾಗ ಅಜ್ಜ ಕಣ್ಣ ಮುಂದೆ ಬಂದರು. 23 ಜನರಿಗೆ ಅವರು ಕ್ರೈಸ್ತರ ಜಪಮಾಲೆಯ ಪ್ರಾರ್ಥನೆಯನ್ನು ಲ್ಯಾಟಿನ್‌ನಲ್ಲಿ ಹೇಳಿಸಿದರು, "ಓಂ ಮಣಿ ಪದ್ಮೇ ಹೂಂ" ಕೂಡ ಹೇಳಿಸಿದರು. ಎರಡರಲ್ಲೂ ಉಸಿರಾಟ ನಿಮಿಷಕ್ಕೆ ಸುಮಾರು ಆರಕ್ಕೆ ಇಳಿಯಿತು. ಬೇರೆ ಬೇರೆ ಧರ್ಮದವರು ಯಾವ ಯಂತ್ರವೂ ಇಲ್ಲದೆ ಒಂದೇ ತಾಳ ಹಿಡಿದಿದ್ದರು.

ಈ ಗುಂಪಿನಲ್ಲಿ ಆರಿಸಿಕೊಳ್ಳಲು ಮೂರು ಇವೆ.

ನಾಡಿಶೋಧನ ಅಥವಾ ಅನುಲೋಮ ವಿಲೋಮದಲ್ಲಿ ಹೆಬ್ಬೆರಳು ಉಂಗುರ ಬೆರಳಿನಿಂದ ಹೊಳ್ಳೆ ಬದಲಾಯಿಸುತ್ತ ಉಸಿರಾಡುತ್ತೇವೆ. ಒಂದೇ ಹೊಳ್ಳೆಯಲ್ಲಿ ಗಾಳಿ ಹೋಗಬೇಕಾದ್ದರಿಂದ ಉಸಿರು ತಾನಾಗಿ ನಿಧಾನವಾಗುತ್ತದೆ. ಕೈಗೆ ಕೆಲಸ ಇರುವುದರಿಂದ ಮನಸ್ಸು ಅಲೆಯುವುದೂ ಕಡಿಮೆ. ಶೀತವಾದಾಗ ಮಾತ್ರ ಇದರ ಸಹವಾಸ ಬೇಡ. ಶೀತ ಇಲ್ಲದಿದ್ದರೂ ಒಂದು ಹೊಳ್ಳೆ ಕಟ್ಟಿಕೊಂಡಂತಿದ್ದರೆ ಗಾಬರಿ ಆಗಬೇಡಿ. ಕೆಲವು ಗಂಟೆಗೊಮ್ಮೆ ಹೊಳ್ಳೆಗಳು ಪಾಳಿ ಬದಲಾಯಿಸುವುದು ದೇಹದ ಸಹಜ ಕ್ರಮ.

ಭ್ರಾಮರಿ ದುಂಬಿಯ ಗುಂಯ್‌ಗುಟ್ಟುವಿಕೆ. ಬಾಯಿ ಮುಚ್ಚಿ ಸದ್ದು ಹೊರಡಿಸಬೇಕಾದ್ದರಿಂದ ಉಸಿರು ಬಿಡುವ ಹೊತ್ತು ಉದ್ದವಾಗುತ್ತದೆ. 2002ರಲ್ಲಿ ಸ್ವೀಡನ್ನಿನ ವೈಟ್ಸ್‌ಬರ್ಗ್ ಮತ್ತು ಲುಂಡ್‌ಬರ್ಗ್ ಅಳೆದು ನೋಡಿದಾಗ, ಸುಮ್ಮನೆ ಉಸಿರು ಬಿಡುವುದಕ್ಕಿಂತ ಗುನುಗುತ್ತ ಬಿಟ್ಟಾಗ ಮೂಗಿನಿಂದ ಬರುವ ನೈಟ್ರಿಕ್ ಆಕ್ಸೈಡ್ ಅನ್ನುವ ಅನಿಲ 15 ಪಟ್ಟು ಹೆಚ್ಚಾಗಿತ್ತು. ಈ ಅನಿಲ ಹುಟ್ಟುವ, ಸೈನಸ್ ಅನ್ನುವ ಮುಖದ ಮೂಳೆಯೊಳಗಿನ ಟೊಳ್ಳುಗಳಲ್ಲಿ ಗಾಳಿ ಆಡುತ್ತದೆ ಅನ್ನುವುದಕ್ಕೆ ಇದು ಸಾಕ್ಷಿ. ಸೈನಸ್ ತೊಂದರೆ ವಾಸಿಯಾಗುತ್ತದೆ ಅಂತ ಇದರಿಂದ ತೀರ್ಮಾನ ಮಾಡಲಾಗದು. ಎಣಿಕೆ ಎಂದರೆ ಬೇಸರಪಡುವ ಮಕ್ಕಳಿಗೆ ಮತ್ತು ವಯಸ್ಸಾದವರಿಗೆ ನಾನು ಮೊದಲು ಹೇಳುವುದು ಭ್ರಾಮರಿಯನ್ನೇ.

ಮೂರನೆಯದಕ್ಕೆ ಹೆಸರೇ ಬೇಡ. ನಾಲ್ಕು ಎಣಿಸುತ್ತ ಮೂಗಿನಲ್ಲಿ ಎಳೆದುಕೊಳ್ಳಿ, ಆರು ಎಣಿಸುತ್ತ ಬಿಡಿ. ಹಿಡಿಯುವುದೇನೂ ಇಲ್ಲ. ಹತ್ತು ಸೆಕೆಂಡಿಗೆ ಒಂದು ಉಸಿರು, ನಿಮಿಷಕ್ಕೆ ಆರು. ಬಸ್ಸಿನಲ್ಲಿ ಕೂತು ಮಾಡಬಹುದು, ಪಕ್ಕದವರಿಗೆ ಗೊತ್ತೂ ಆಗುವುದಿಲ್ಲ. ಬಿಪಿ ಇರುವವರಿಗೆ ನನ್ನ ಮೊದಲ ಆಯ್ಕೆ ಇದು. 2013ರಲ್ಲಿ ಅಮೆರಿಕನ್ ಹಾರ್ಟ್ ಅಸೋಸಿಯೇಷನ್ ಔಷಧ ಮತ್ತು ಪಥ್ಯದಾಚೆಗಿನ ದಾರಿಗಳನ್ನು ತೂಗಿ ನೋಡಿದಾಗ, ಉಪಕರಣದ ಸದ್ದಿಗೆ ತಕ್ಕಂತೆ ಉಸಿರನ್ನು ನಿಧಾನ ಮಾಡುವುದನ್ನು ಬಿಪಿ ಚಿಕಿತ್ಸೆಯ ಜೊತೆಗೆ ಮಾಡಿ ನೋಡಬಹುದು ಎಂದಿತು. ಮಾತ್ರೆಯ ಜೊತೆಗೆ, ಮಾತ್ರೆ ಬಿಟ್ಟು ಅಲ್ಲ.

ಈಗ ಆ್ಯಪ್‌ಗಳ ಮಾತು. ನಿಮ್ಮ ದೇಹಕ್ಕೆ ನಿಮಿಷಕ್ಕೆ ಐದೂವರೆಯೇ ಬೇಕು, ನಾವು ಲೆಕ್ಕ ಹಾಕಿ ಕೊಡುತ್ತೇವೆ ಅಂತ ತಿಂಗಳ ಚಂದಾ ಕೇಳುವವರಿದ್ದಾರೆ. ಇಂಗ್ಲೆಂಡಿನ ಸಸೆಕ್ಸ್ ವಿಶ್ವವಿದ್ಯಾಲಯದ ಗಯ್ ಫಿಂಚಮ್ ಮತ್ತು ತಂಡ 2023ರಲ್ಲಿ ಇದನ್ನೇ ಪರೀಕ್ಷಿಸಿತು. 400 ಜನರಲ್ಲಿ ಅರ್ಧದಷ್ಟು ಮಂದಿ ನಿಮಿಷಕ್ಕೆ ಐದೂವರೆ, ಉಳಿದವರು ನಿಮಿಷಕ್ಕೆ ಹನ್ನೆರಡು ಉಸಿರಿನಂತೆ ದಿನಕ್ಕೆ ಹತ್ತು ನಿಮಿಷ, ನಾಲ್ಕು ವಾರ ಮಾಡಿದರು. ಎರಡೂ ಕಡೆಯವರ ಒತ್ತಡ ಇಳಿಯಿತು. ಇವರಿಗೂ ಅವರಿಗೂ ವ್ಯತ್ಯಾಸ ಸಿಗಲಿಲ್ಲ. ಅದೇ ತಂಡ ಅದೇ ವರ್ಷ ಒತ್ತಡದ ಮೇಲಿನ 12 ಪ್ರಯೋಗಗಳನ್ನು, ಒಟ್ಟು 785 ಜನರ ಲೆಕ್ಕವನ್ನು ಒಟ್ಟುಗೂಡಿಸಿದಾಗ ಉಸಿರಾಟದ ಅಭ್ಯಾಸದಿಂದ ಒತ್ತಡ ಸ್ವಲ್ಪ ಮಟ್ಟಿಗೆ ಇಳಿಯುವುದು ಕಂಡಿತ್ತು. ಎರಡನ್ನೂ ಕೂಡಿಸಿ ಓದಿದರೆ ನನಗೆ ತೋರುವುದು ಇಷ್ಟು: ದಿನಾ ಹತ್ತು ನಿಮಿಷ ಫೋನ್ ಕೆಳಗಿಟ್ಟು ಉಸಿರಿನ ಜೊತೆ ಕೂರುವುದರಲ್ಲೇ ಅರ್ಧ ಗುಣವಿದೆ. ಐದೂವರೆಯೋ ಆರೋ ಅನ್ನುವ ಕೂದಲು ಸೀಳುವ ಲೆಕ್ಕಕ್ಕೆ ದುಡ್ಡು ಕೊಡಬೇಡಿ.

ನಿಟ್ಟುಸಿರು, ನಾಲ್ಕು ಮೂಲೆ, ನಾಲ್ಕು–ಏಳು–ಎಂಟು

ತುಂಬಾ ಅತ್ತ ಮಗುವನ್ನು ಎತ್ತಿಕೊಂಡು ಸಮಾಧಾನ ಮಾಡಿದವರಿಗೆ ಇದು ಗೊತ್ತಿರುತ್ತದೆ. ಅಳು ನಿಲ್ಲುವ ಹೊತ್ತಿಗೆ ಮಗು ಬಿಕ್ಕುತ್ತ ಎರಡು ಸಲ ಒಟ್ಟೊಟ್ಟಿಗೆ ಉಸಿರು ಎಳೆದುಕೊಂಡು, ಆಮೇಲೆ ಉದ್ದಕ್ಕೆ ಬಿಟ್ಟು, ಹೆಗಲ ಮೇಲೆ ತಲೆ ಚೆಲ್ಲುತ್ತದೆ. ಅಮೆರಿಕದ ಸ್ಟ್ಯಾನ್‌ಫರ್ಡ್‌ನವರು ಅಭ್ಯಾಸವಾಗಿ ಮಾಡಿಸಿದ್ದು ಇದನ್ನೇ. ಮೂಗಿನಲ್ಲಿ ಪೂರ್ತಿ ಎಳೆದು, ಅದರ ಮೇಲೆ ಇನ್ನೊಂದು ಗುಟುಕು ಎಳೆದು, ಬಾಯಿಂದ ನಿಧಾನವಾಗಿ ಉದ್ದಕ್ಕೆ ಬಿಡುವುದು. 2023ರಲ್ಲಿ ಅವರು ನೂರಕ್ಕೂ ಹೆಚ್ಚು ಜನರನ್ನು ನಾಲ್ಕು ಗುಂಪು ಮಾಡಿದರು: ನಿಟ್ಟುಸಿರು, ನಾಲ್ಕು ಮೂಲೆಯ ಉಸಿರು, ಜೋರು ಉಸಿರು, ಮತ್ತು ಸುಮ್ಮನೆ ಧ್ಯಾನ. ದಿನಕ್ಕೆ ಐದೇ ನಿಮಿಷ, ಒಂದು ತಿಂಗಳು. ಆತಂಕ ಎಲ್ಲ ಗುಂಪುಗಳಲ್ಲೂ ಇಳಿಯಿತು. ಮನಸ್ಸಿನ ಗೆಲುವು ಹೆಚ್ಚು ಏರಿದ್ದು ನಿಟ್ಟುಸಿರಿನವರಲ್ಲಿ. ಬೇರೆ ಹೊತ್ತಿನ ಉಸಿರಾಟದ ವೇಗ ಇಳಿದದ್ದೂ ಅವರದೇ.

"ಉಸ್ಸಪ್ಪಾ" ಅಂತ ಕೂರುವುದು ನಮ್ಮ ಮಾತಿನಲ್ಲೇ ಇದೆ. ಗದ್ದೆಯಿಂದ ಬಂದವರು, ಬಸ್ ಹಿಡಿದು ಸುಸ್ತಾದವರು ಜಗಲಿ ಮೇಲೆ ಕೂತು ಮೊದಲು ಬಿಡುವುದು ಅದನ್ನೇ. ಆದರೂ ಮನೆಯಲ್ಲಿ ಯಾರಾದರೂ ನಿಟ್ಟುಸಿರು ಬಿಟ್ಟರೆ "ಏನಾಯ್ತೀಗ?" ಅಂತ ಗದರಿಕೊಳ್ಳುತ್ತೇವೆ. ಬಿಡಲಿ ಬಿಡಿ.

ನಾಲ್ಕು ಮೂಲೆಯ ಉಸಿರು ಅಮೆರಿಕದ ನೌಕಾಪಡೆಯ ಕಮಾಂಡೊಗಳ ಹೆಸರಿನಲ್ಲಿ ಪ್ರಸಿದ್ಧ. ಎಳೆಯುವುದು, ಹಿಡಿಯುವುದು, ಬಿಡುವುದು, ಖಾಲಿ ಇರುವುದು. ಒಂದೊಂದಕ್ಕೂ ನಾಲ್ಕು ಎಣಿಕೆ. ಇಂಟರ್‌ವ್ಯೂಗೆ ಹೋಗುವ ಮುಂಚೆ, ವೇದಿಕೆ ಹತ್ತುವ ಮುಂಚೆ ಎಚ್ಚರವಾಗಿದ್ದೂ ಕೈ ನಡುಗಬಾರದು ಅನ್ನುವ ಹೊತ್ತಿಗೆ ಒಳ್ಳೆಯದು. ನಾಲ್ಕು–ಏಳು–ಎಂಟನ್ನು ಮನೆಮಾತು ಮಾಡಿದವರು ಆಂಡ್ರ್ಯೂ ವೈಲ್ ಅನ್ನುವ ಅಮೆರಿಕನ್ ವೈದ್ಯರು. ಎಣಿಕೆಗೊಂದು ಸೆಕೆಂಡ್ ಅಂದರೂ ಒಂದು ಸುತ್ತಿಗೆ 19 ಸೆಕೆಂಡ್, ಅಂದರೆ ನಿಮಿಷಕ್ಕೆ ಮೂರು ಉಸಿರು. ಹೊಸಬರಿಗೆ ಇದು ಕಷ್ಟ. ತಂಗಿಯ ಮಗಳಿಗೂ ಹೀಗೇ ಆಗುತ್ತಿತ್ತು. ಏಳರ ತನಕ ಹಿಡಿಯಲು ಹೋಗಿ ಗಾಳಿಗೆ ಹಪಹಪಿಸಿ, ಬರುತ್ತಿದ್ದ ನಿದ್ದೆಯೂ ಹಾರಿಹೋಗುತ್ತಿತ್ತು. "ಹಿಡಿಯೋದು ಬಿಡು ಪುಟ್ಟಿ, ನಾಲ್ಕರಲ್ಲಿ ತಗೊಂಡು ಆರರಲ್ಲಿ ಬಿಡು, ಅಷ್ಟು ಸಾಕು" ಅಂದೆ. ಈಗ ಅವಳು ಮಲಗಿಕೊಂಡೇ ಮಾಡುತ್ತಾಳೆ, ಇಪ್ಪತ್ತು ಎಣಿಸಿದ್ದು ನೆನಪಿರುತ್ತದಂತೆ, ಮುಂದಿನದು ಇಲ್ಲ. ಬಿಪಿ ಇರುವವರು, ಗರ್ಭಿಣಿಯರು ಉಸಿರು ಹಿಡಿಯುವ ವಿಧಾನಗಳನ್ನೆಲ್ಲ ಬದಿಗಿಡುವುದು ಮೇಲು.

ಜೋರಿನ ದಾರಿ: ಇಲ್ಲಿ ನಿಂತು ಓದಿ

ಹಠಯೋಗದ ಹಳೆಯ ಗ್ರಂಥ ಹಠಯೋಗ ಪ್ರದೀಪಿಕೆಯಲ್ಲಿ ಒಂದು ಮಾತಿದೆ. ಸಿಂಹ, ಆನೆ, ಹುಲಿಗಳನ್ನು ಹೇಗೆ ಮೆಲ್ಲಮೆಲ್ಲನೆ ಪಳಗಿಸುತ್ತಾರೋ ಹಾಗೆ ಉಸಿರನ್ನು ಪಳಗಿಸಬೇಕು, ಇಲ್ಲದಿದ್ದರೆ ಅದು ಸಾಧಕನನ್ನೇ ಕೊಲ್ಲುತ್ತದೆ ಅಂತ. ಆನೆ ಪಳಗಿಸುವುದೆಂದರೆ ಎಷ್ಟು ತಾಳ್ಮೆಯ ಕೆಲಸ ಅಂತ ಮೈಸೂರಿನವರಿಗೆ ಬೇರೆ ಹೇಳಬೇಕಾಗಿಲ್ಲ. ಅದೇ ಗ್ರಂಥ ಕಪಾಲಭಾತಿಯನ್ನು ಪ್ರಾಣಾಯಾಮಗಳ ಸಾಲಿನಲ್ಲಿ ಇಟ್ಟೂ ಇಲ್ಲ. ಶರೀರ ಶುದ್ಧಿಯ ಆರು ಕ್ರಿಯೆಗಳಲ್ಲಿ ಅದೊಂದು. ಇನ್ನೊಂದು ಜೋರು ಉಸಿರಾಟ ಭಸ್ತ್ರಿಕಾ, ಆ ಹೆಸರಿನ ಅರ್ಥ ಕಮ್ಮಾರನ ತಿದಿ. ಈ ಎರಡನ್ನೂ ಆಸನ ಗಟ್ಟಿಯಾದ ಮೇಲೆ, ಗುರುವಿನ ಕಣ್ಣೆದುರು ಮಾಡುತ್ತಿದ್ದರು. ಈಗ ಟಿವಿ ನೋಡಿಕೊಂಡು ದಿನ ಒಂದರಿಂದಲೇ ನೂರಿನ್ನೂರು ಸಲ ಹೊಟ್ಟೆ ಎಳೆಯುತ್ತಾರೆ.

ಆರೋಗ್ಯವಾಗಿರುವ ಹರೆಯದವರಿಗೆ ಬೆಳಗಿನ ಜಡ ಬಿಡಿಸಲು, ಕಫ ಕಟ್ಟಿದ ಮೂಗು ಬಿಡಿಸಲು ಇವು ಚೆನ್ನಾಗಿವೆ, ನಾನೇ ಇಪ್ಪತ್ತೈದರಲ್ಲಿ ಮಾಡಿ ಖುಷಿಪಟ್ಟಿದ್ದೇನೆ. ಬೇಡವಾದವರ ಪಟ್ಟಿ ಮಾತ್ರ ಉದ್ದವಿದೆ: ಹತೋಟಿಯಲ್ಲಿಲ್ಲದ ಬಿಪಿ, ಹೃದಯದ ಕಾಯಿಲೆ, ಫಿಟ್ಸ್, ಹರ್ನಿಯಾ, ಕಣ್ಣಿನ ಗ್ಲಾಕೋಮಾ, ಗರ್ಭ, ಇತ್ತೀಚೆಗೆ ಹೊಟ್ಟೆಯ ಆಪರೇಷನ್ ಆದವರು. ಮಿತಿಮೀರಿದರೆ ಆರೋಗ್ಯವಂತರಿಗೂ ಪೆಟ್ಟಾಗಬಹುದು. 2004ರಲ್ಲಿ ಚೆಸ್ಟ್ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ 29 ವರ್ಷದ ಹೆಂಗಸೊಬ್ಬರ ಪ್ರಕರಣ ಬಂತು. ಕಪಾಲಭಾತಿಯ ಹುಮ್ಮಸ್ಸಿನಲ್ಲಿ ಅವರ ಶ್ವಾಸಕೋಶದಿಂದ ಗಾಳಿ ಸೋರಿ ಎದೆಗೂಡಿನಲ್ಲಿ ತುಂಬಿಕೊಂಡಿತ್ತು. ಇದು ತೀರ ಅಪರೂಪ, ನಿಜ. ಆದರೆ ಆಗುವುದೇ ಇಲ್ಲ ಅಂತ ಹೇಳುವವರನ್ನು ನಂಬಬೇಡಿ.

ವಿಮ್ ಹಾಫ್ ನೆದರ್ಲೆಂಡ್ಸ್‌ನವರು, ಹಿಮದಲ್ಲಿ ಚಡ್ಡಿಯಲ್ಲಿ ಓಡಾಡಿ ಹೆಸರು ಮಾಡಿದವರು. ಮೂವತ್ತು–ನಲವತ್ತು ಆಳದ ಉಸಿರು, ಆಮೇಲೆ ಪೂರ್ತಿ ಬಿಟ್ಟು ಖಾಲಿ ಎದೆಯಲ್ಲಿ ಎಷ್ಟು ಹೊತ್ತು ಆಗುತ್ತೋ ಅಷ್ಟು ನಿಲ್ಲುವುದು, ಜೊತೆಗೆ ತಣ್ಣೀರು. ಇದರ ಹಿಂದೆ ಗಟ್ಟಿ ಪ್ರಯೋಗವೊಂದಿದೆ. 2014ರಲ್ಲಿ ನೈಮೇಖನ್‌ನ ರಾಡ್‌ಬೌಡ್ ವಿಶ್ವವಿದ್ಯಾಲಯದವರು ತರಬೇತಿ ಪಡೆದ 12 ಜನರಿಗೂ ಪಡೆಯದ 12 ಜನರಿಗೂ ಬ್ಯಾಕ್ಟೀರಿಯಾದ ವಿಷಾಂಶ ಚುಚ್ಚಿದರು. ಕಲಿತವರ ಮೈಯಲ್ಲಿ ಅಡ್ರಿನಾಲಿನ್ ಏರಿತು, ಉರಿಯೂತ ಕಡಿಮೆಯಾಯಿತು, ಜ್ವರದ ಲಕ್ಷಣಗಳೂ ಕಡಿಮೆಯಿದ್ದವು. ಪ್ರತಿರೋಧ ವ್ಯವಸ್ಥೆಯನ್ನು ಮನಸ್ಸಿಟ್ಟು ಅಲುಗಾಡಿಸಬಹುದು ಅನ್ನುವುದು ದೊಡ್ಡ ಸಂಗತಿಯೇ. ಆದರೆ ಅವರೆಲ್ಲ ಗಟ್ಟಿಮುಟ್ಟಾದ ಗಂಡಸರು. ಸಂಧಿವಾತದ ಅತ್ತೆಗೂ ಹೀಗೇ ಆಗುತ್ತದೆ ಅಂತ ಅದರಿಂದ ಹೇಳಲಾಗದು.

ತಮ್ಮನಿಗೆ ನಾನು ಕಟ್ಟುನಿಟ್ಟಾಗಿ ಹೇಳಿದ್ದು ಒಂದೇ: ನೀರಿನಲ್ಲಿ ಇದ್ದುಕೊಂಡು, ನೀರಿಗಿಳಿಯುವ ಮುಂಚೆ, ಗಾಡಿ ಓಡಿಸುತ್ತ ಇದನ್ನು ಯಾವತ್ತೂ ಮಾಡಕೂಡದು. ಉಸಿರು ಬೇಕು ಅಂತ ನಮಗೆ ಅನಿಸುವುದು ಇಂಗಾಲದ ಡೈಆಕ್ಸೈಡ್ ಏರಿದಾಗ. ಜೋರು ಉಸಿರಾಟದಿಂದ ಅದನ್ನು ತೊಳೆದುಬಿಟ್ಟರೆ ಆ ಎಚ್ಚರಿಕೆಯ ಗಂಟೆಯೇ ಬಾರಿಸುವುದಿಲ್ಲ. ಅಷ್ಟರಲ್ಲಿ ಆಮ್ಲಜನಕ ಇಳಿದು, ಒದ್ದಾಟವೂ ಇಲ್ಲದೆ ಪ್ರಜ್ಞೆ ತಪ್ಪುತ್ತದೆ. ಚೆನ್ನಾಗಿ ಈಜು ಬಲ್ಲವರೂ ಸೊಂಟದುದ್ದದ ನೀರಿನಲ್ಲಿ ಹೀಗೆ ಮುಳುಗುತ್ತಾರೆ. ಕೆರೆ, ಕಾಲುವೆ, ಈಜುಕೊಳ, ಬಾತ್‌ಟಬ್ ಯಾವುದೂ ಬೇಡ. ಮಾಡುವುದಿದ್ದರೆ ಚಾಪೆಯ ಮೇಲೆ ಮಲಗಿ ಮಾಡಿ.

ಇನ್ನು ಸಂಗೀತ ಹಾಕಿ ಗಂಟೆಗಟ್ಟಲೆ ಜೋರಾಗಿ ಉಸಿರಾಡಿಸುವ ಶಿಬಿರಗಳು. ಇದರ ಮೂಲ ಪ್ರಾಗ್‌ನಲ್ಲಿ ಹುಟ್ಟಿದ ಮನೋವೈದ್ಯ ಸ್ಟಾನಿಸ್ಲಾವ್ ಗ್ರೋಫ್. ಭ್ರಮೆ ತರಿಸುವ ಎಲ್‌ಎಸ್‌ಡಿ ಮಾದಕವನ್ನು ಚಿಕಿತ್ಸೆಗೆ ಬಳಸುವ ದಾರಿ ಮುಚ್ಚಿದ ಮೇಲೆ 1970ರ ದಶಕದಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಹೆಂಡತಿ ಕ್ರಿಸ್ಟಿನಾ ಜೊತೆ ಸೇರಿ ಅವರು ಕಟ್ಟಿದ ಪದ್ಧತಿ ಅದು. ಅದರ ನೆರಳಿನಂಥ ವಾರಾಂತ್ಯದ ಶಿಬಿರವೊಂದಕ್ಕೆ ತಂಗಿಯ ಮಗಳ ಜೊತೆ ಬೆಂಗಳೂರಿನ ಹೊರಗೆ ನಾನೂ ಹೋಗಿದ್ದೆ. ಹಾಲಿನ ತುಂಬ ಚಾಪೆಗಳು, ಎದೆ ನಡುಗಿಸುವ ಡೋಲು. ಇಪ್ಪತ್ತು ನಿಮಿಷ ಆಗಿರಬೇಕು, ನನ್ನ ಪಕ್ಕದ ಚಾಪೆಯ ಹೆಂಗಸು ನರಳಲು ಶುರು ಮಾಡಿದರು. ನೋಡುತ್ತೇನೆ, ಎರಡೂ ಕೈ ಮಣಿಕಟ್ಟಿನಲ್ಲಿ ಮಡಚಿ, ಬೆರಳುಗಳು ಒಟ್ಟಾಗಿ ಬಿಗಿದು ಮೊಗ್ಗಿನಂತಾಗಿವೆ. ಹೆಬ್ಬೆರಳು ಅಂಗೈಯೊಳಗೆ ಸಿಕ್ಕಿಕೊಂಡಿದೆ. "ಕೈ ಬಿಚ್ಚೋಕೆ ಆಗ್ತಿಲ್ಲ" ಅಂತ ಅಳುತ್ತಿದ್ದರು. ಓಡಿ ಬಂದ ಸ್ವಯಂಸೇವಕ ಅವರ ಹಣೆ ಸವರಿ, "ಒಳಗಿರೋ ವಿಷ ಹೊರಗೆ ಬರ್ತಿದೆ, ನಿಲ್ಲಿಸಬೇಡಿ, ಇನ್ನೂ ಜೋರಾಗಿ" ಅಂದ.

ನಾನು ಎದ್ದು ಕೂತು ಅವರ ಕಿವಿಯ ಹತ್ತಿರ, "ಅಕ್ಕಾ, ಬಾಯಿ ಮುಚ್ಚಿ, ಮೂಗಲ್ಲಿ ಮೆಲ್ಲಗೆ, ಇನ್ನೂ ಮೆಲ್ಲಗೆ" ಅಂತ ಹೇಳುತ್ತ ಹೋದೆ. ಐದಾರು ನಿಮಿಷದಲ್ಲಿ ಒಂದೊಂದೇ ಬೆರಳು ಬಿಚ್ಚಿಕೊಂಡಿತು. ಅದು ವಿಷವೂ ಅಲ್ಲ, ಹಳೆಯ ನೋವೂ ಅಲ್ಲ. ಇಂಗಾಲದ ಡೈಆಕ್ಸೈಡ್ ಇಳಿದಾಗ ಸ್ನಾಯು ಸೆಟೆದುಕೊಳ್ಳುವ ಕ್ರಿಯೆ. ಚಹಾ ಕುಡಿಯುವಾಗ ಅವರು ಹೇಳಿದ್ದು ಕೇಳಿ ನನಗೆ ಮೈ ಬೆವರಿತು. ಅವರಿಗೆ ಫಿಟ್ಸ್ ಇತ್ತು, ಮಾತ್ರೆಯಲ್ಲಿದ್ದರು. ಆಸ್ಪತ್ರೆಯಲ್ಲಿ ಇಇಜಿ, ಅಂದರೆ ಮೆದುಳಿನ ವಿದ್ಯುತ್ ಅಲೆಗಳ ನಕ್ಷೆ, ತೆಗೆಯುವಾಗ ಅಡಗಿರುವ ಫಿಟ್ಸ್ ಕಾಣಿಸಲಿ ಅಂತಲೇ ರೋಗಿಯನ್ನು ಮೂರು ನಿಮಿಷ ಜೋರಾಗಿ ಉಸಿರಾಡಿಸುತ್ತಾರೆ. ಇಲ್ಲಿ ಯಾರೂ ನೋಡದೆ, ಕೇಳದೆ ಅದನ್ನೇ ಮಾಡಿಸುತ್ತಿದ್ದರು. ನೋಂದಣಿ ಫಾರಂನಲ್ಲಿ ಟಿ-ಶರ್ಟ್ ಅಳತೆ ಕೇಳಿದ್ದರು, ಕಾಯಿಲೆ ಕೇಳಿರಲಿಲ್ಲ. ಆ ಸಿಟ್ಟು ನನಗೆ ಇನ್ನೂ ಇಳಿದಿಲ್ಲ.

ಫಿಟ್ಸ್, ಹೃದಯದ ತೊಂದರೆ, ಬಸಿರು, ಬೈಪೋಲಾರ್ ಅಥವಾ ಸ್ಕಿಜೋಫ್ರೇನಿಯಾದಂಥ ಮನೋರೋಗ ಇದ್ದವರು ಇಂಥ ಶಿಬಿರಗಳ ಹತ್ತಿರವೂ ಹೋಗಬಾರದು.

ಸುದರ್ಶನ ಕ್ರಿಯೆ ಎಲ್ಲಿ ನಿಲ್ಲುತ್ತದೆ?

ಇದು ಎರಡೂ ಗುಂಪಿಗೆ ಸೇರಿದ್ದು. ನಿಧಾನ, ಮಧ್ಯಮ, ಜೋರು ಉಸಿರು ಸರದಿಯಲ್ಲಿ ಬರುತ್ತವೆ. ರವಿಶಂಕರ್ ಗುರೂಜಿ 1982ರಲ್ಲಿ ಶಿವಮೊಗ್ಗ ಸೀಮೆಯ ಭದ್ರಾ ತೀರದಲ್ಲಿ ಹತ್ತು ದಿನ ಮೌನದಲ್ಲಿದ್ದಾಗ ಹೊಳೆದದ್ದು ಅಂತ ಅವರ ಸಂಸ್ಥೆ ಹೇಳುತ್ತದೆ. ದುಡ್ಡು ಕೊಟ್ಟು ಕೋರ್ಸ್ ಮಾಡಿಯೇ ಕಲಿಯಬೇಕು.

ಇದರ ಬಗ್ಗೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲೇ ನಡೆದ ಅಧ್ಯಯನ 2000ರಲ್ಲಿ ಪ್ರಕಟವಾಯಿತು. ತೀವ್ರ ಖಿನ್ನತೆಯಿಂದ ಆಸ್ಪತ್ರೆ ಸೇರಿದ್ದ 45 ಜನರನ್ನು ಹದಿನೈದರಂತೆ ಮೂರು ಗುಂಪು ಮಾಡಿದರು. ನಾಲ್ಕು ವಾರದ ಕೊನೆಗೆ ಗುಣಮುಖರಾದವರು ವಿದ್ಯುತ್ ಚಿಕಿತ್ಸೆಯಲ್ಲಿ ಶೇ 93, ಇಮಿಪ್ರಮೀನ್ ಅನ್ನುವ ಖಿನ್ನತೆಯ ಮಾತ್ರೆಯಲ್ಲಿ ಶೇ 73, ಕ್ರಿಯೆಯಲ್ಲಿ ಶೇ 67. ಅಂದರೆ ಹದಿನೈದರಲ್ಲಿ 14, 11, 10. ಮಾತ್ರೆಗೂ ಕ್ರಿಯೆಗೂ ಒಬ್ಬರೇ ಒಬ್ಬರ ಅಂತರ ಅನ್ನುವುದು ಭರವಸೆಯ ಸುದ್ದಿ. ಹದಿನೈದು ಜನರ ಲೆಕ್ಕದ ಮೇಲೆ ಮಾತ್ರೆ ಕಿತ್ತೆಸೆಯುವುದು ಅಪಾಯ. ಅವರೆಲ್ಲ ಮನೋವೈದ್ಯರ ಕಣ್ಣೆದುರು ವಾರ್ಡಿನಲ್ಲಿದ್ದವರು, ಇದನ್ನು ಮರೆಯಬೇಡಿ. ಒಬ್ಬರೇ ಕೂತರೆ ಅಭ್ಯಾಸ ನಿಲ್ಲುವುದಿಲ್ಲ, ನಾಲ್ಕು ಜನರ ಜೊತೆ ಬೇಕು ಅನ್ನುವವರಿಗೆ, ಆರೋಗ್ಯ ಚೆನ್ನಾಗಿದ್ದರೆ, ಕೊಟ್ಟ ದುಡ್ಡು ದಂಡವಲ್ಲ.

ಉಬ್ಬಸದವರಿಗೆ

ನನ್ನದೇ ವಿಷಯ, ಹಾಗಾಗಿ ಸ್ವಲ್ಪ ವಿವರವಾಗಿ ಹೇಳುತ್ತೇನೆ. 1985ರಲ್ಲಿ ಬೆಂಗಳೂರಿನ ಡಾ. ಆರ್. ನಾಗರತ್ನ ಮತ್ತು ಎಚ್.ಆರ್. ನಾಗೇಂದ್ರ ಅವರ ಅಧ್ಯಯನ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂತು. ಉಬ್ಬಸದ 53 ಜನರಿಗೆ ಎರಡು ವಾರ ಯೋಗ, ಪ್ರಾಣಾಯಾಮ, ಧ್ಯಾನ ಕಲಿಸಿ ದಿನಕ್ಕೆ 65 ನಿಮಿಷ ಮಾಡಲು ಹೇಳಿದರು. ಅಷ್ಟೇ ಸಂಖ್ಯೆಯ ಇನ್ನೊಂದು ಗುಂಪಿಗೆ ಮಾಮೂಲಿ ಔಷಧ ಮಾತ್ರ. ಯೋಗದವರಿಗೆ ಉಬ್ಬಸ ಏಳುವುದು ಕಡಿಮೆಯಾಯಿತು, ಔಷಧದ ಅಗತ್ಯ ಇಳಿಯಿತು, ಊದುವ ಬಲ ಹೆಚ್ಚಿತು.

ಇದಕ್ಕೆ ಎದುರಾಗಿ ಸೋವಿಯತ್ ವೈದ್ಯ ಕಾನ್‌ಸ್ಟಾಂಟಿನ್ ಬುಟೆಯ್ಕೊ 1950ರ ದಶಕದಿಂದ ಹೇಳುತ್ತ ಬಂದದ್ದು ಬೇರೆಯೇ: ಉಬ್ಬಸದವರು ಅತಿಯಾಗಿ ಉಸಿರಾಡುತ್ತಾರೆ, ಅವರು ಕಡಿಮೆ ಉಸಿರಾಡಲು ಕಲಿಯಬೇಕು, ಅದೂ ಮೂಗಿನಲ್ಲೇ. 1998ರಲ್ಲಿ ಆಸ್ಟ್ರೇಲಿಯಾದ ಬ್ರಿಸ್ಬೇನ್‌ನಲ್ಲಿ 39 ಜನರ ಮೇಲೆ ನಡೆದ ಪ್ರಯೋಗದಲ್ಲಿ ಈ ವಿಧಾನ ಕಲಿತವರು ತಕ್ಷಣದ ಉಪಶಮನದ ಇನ್‌ಹೇಲರ್ ಎಳೆಯುವುದು ತುಂಬಾ ಕಡಿಮೆಯಾಯಿತು. ಶ್ವಾಸಕೋಶದ ಪರೀಕ್ಷೆಯ ಅಂಕಿಗಳು ಮಾತ್ರ ಬದಲಾಗಲಿಲ್ಲ. ಇದರ ಅರ್ಥ ನನ್ನ ಅನುಭವಕ್ಕೆ ಸರಿಯಾಗಿ ಹೊಂದುತ್ತದೆ. ಎದೆ ಬಿಗಿದಾಗ ಗಾಬರಿಯಾಗಿ ಬಾಯಿಂದ ಗಬಗಬ ಎಳೆದುಕೊಳ್ಳುತ್ತಿದ್ದೆ, ಬಿಗಿತ ಇನ್ನೂ ಹೆಚ್ಚುತ್ತಿತ್ತು. ಮೂಗಿನಲ್ಲಿ ಸಣ್ಣ ಉಸಿರು ತೆಗೆದುಕೊಂಡು, ಬಿಟ್ಟ ಮೇಲೆ ಎರಡು ಕ್ಷಣ ಸುಮ್ಮನಿರುವುದನ್ನು ಕಲಿತ ಮೇಲೆ ಗಾಬರಿಯ ಭಾಗ ಹೋಯಿತು. ಕಾಯಿಲೆ ಇದ್ದಲ್ಲೇ ಇದೆ. ಬೆಳಗ್ಗೆ ಸಂಜೆಯ ಸ್ಟೀರಾಯ್ಡ್ ಇನ್‌ಹೇಲರ್ ಒಂದು ದಿನವೂ ತಪ್ಪಿಸಿಲ್ಲ, ತಕ್ಷಣದ ಉಪಶಮನದ ನೀಲಿ ಇನ್‌ಹೇಲರ್ ಕೈಚೀಲದಲ್ಲೇ ಇದೆ. ಮಾತಾಡಲು ಆಗದಷ್ಟು ಉಬ್ಬಸ ಬಂದಾಗ ಯಾವ ಪ್ರಾಣಾಯಾಮವನ್ನೂ ಪ್ರಯತ್ನಿಸುತ್ತ ಕೂರಬೇಡಿ, ಇನ್‌ಹೇಲರ್ ತೆಗೆದುಕೊಂಡು ಆಸ್ಪತ್ರೆಗೆ ಹೊರಡಿ.

ಬೀಡಿ ಸಿಗರೇಟಿನಿಂದಲೋ ಸೌದೆ ಒಲೆಯ ಹೊಗೆಯಿಂದಲೋ ಶ್ವಾಸಕೋಶ ಕೆಟ್ಟವರಿಗೆ, ದಮ್ಮು ಬರುವ ಹಿರಿಯರಿಗೆ, ಸೀಟಿ ಊದುವವರಂತೆ ತುಟಿ ಮುದುಡಿ ನಿಧಾನ ಬಿಡುವುದೇ ಎಲ್ಲಕ್ಕಿಂತ ಉಪಯೋಗ. ಮೆಟ್ಟಿಲು ಹತ್ತುವಾಗ ಮಾಡಲಿ. ಆಪರೇಷನ್ ಆದ ಮೇಲೆ ಆಸ್ಪತ್ರೆಯವರು ಕೊಡುವ ಮೂರು ಚೆಂಡಿನ ಡಬ್ಬಿಯನ್ನು ಮನೆಗೆ ತಂದು ಷೋಕೇಸಿನಲ್ಲಿಡುವವರೇ ಹೆಚ್ಚು. ಅದು ಎಳೆದುಕೊಳ್ಳುವುದಕ್ಕೆ ಇರುವುದು, ಊದುವುದಕ್ಕಲ್ಲ. ಉಸಿರು ಎಳೆಯುವಾಗ ಎದುರು ಒತ್ತುವ ಇನ್ನೊಂದು ಬಗೆಯ ಉಪಕರಣವೂ ಇದೆ. 2021ರಲ್ಲಿ ಅಮೆರಿಕದ ಕೊಲರಾಡೊದಲ್ಲಿ 50ರಿಂದ 79 ವಯಸ್ಸಿನ 36 ಜನರ ಪ್ರಯೋಗದಲ್ಲಿ ಅದನ್ನು ದಿನಕ್ಕೆ 30 ಉಸಿರಿನಂತೆ ಆರು ವಾರ ಬಳಸಿದವರ ಬಿಪಿಯ ಮೇಲಿನ ಅಂಕಿ 9ರಷ್ಟು ಇಳಿದಿತ್ತು. ಚಿಕ್ಕ ಪ್ರಯೋಗ, ಆದರೂ ಕಣ್ಣಿಡಬೇಕಾದ್ದು.

ಕಲಿಯಲು ಹೋಗುವ ಮುಂಚೆ

ಒಳ್ಳೆಯ ಗುರುವನ್ನು ಗುರುತಿಸಲು ನನಗೆ ಉಳಿದಿರುವ ಒಂದೇ ಅಳತೆ, ಅವರು ಮೊದಲು ಏನು ಕೇಳುತ್ತಾರೆ ಅನ್ನುವುದು. ಬಿಪಿ ಇದೆಯಾ, ಬಸಿರಾ, ಫಿಟ್ಸ್ ಬಂದಿತ್ತಾ, ಯಾವ ಮಾತ್ರೆ ತಗೊಳ್ತೀರಿ ಅಂತ ಕೇಳಿದರೆ ಚಾಪೆ ಹಾಸಿ. ತಲೆ ಸುತ್ತಿದರೆ "ಮುಂದುವರಿಸಿ" ಅಂದರೆ ಚಾಪೆ ಸುತ್ತಿ. ಮಾತ್ರೆ ಬಿಡಿಸುತ್ತೇವೆ ಅಂತ ಜಾಹೀರಾತು ಹಾಕುವವರ ಬಾಗಿಲಿಗೂ ಹೋಗಬೇಡಿ. ಮನೆಯ ಹತ್ತಿರದ ಯೋಗ ತರಗತಿಯಲ್ಲಿ ಒಂದು ವಾರ ಕೂತು ನಾಡಿಶೋಧನ ಸರಿಯಾಗಿ ಕಲಿತರೆ ಮುಂದಿನದು ನಿಮ್ಮ ಕೈಯಲ್ಲೇ ಇದೆ.

ಊಟವಾಗಿ ಎರಡು ಮೂರು ಗಂಟೆ ಆಗಿರಲಿ. ದಿನಕ್ಕೆ ಹತ್ತು ನಿಮಿಷ, ಒಂದೇ ವಿಧಾನ, ಕನಿಷ್ಠ ಒಂದು ತಿಂಗಳು. ವಾರಕ್ಕೊಂದು ಬದಲಾಯಿಸುತ್ತ ಹೋದರೆ ಯಾವುದರಿಂದ ಏನಾಯಿತು ಅಂತ ತಿಳಿಯುವುದಿಲ್ಲ.

ಅಪ್ಪ ಕಪಾಲಭಾತಿ ಬಿಡಲು ಸುಲಭಕ್ಕೆ ಒಪ್ಪಲಿಲ್ಲ. ಡಾಕ್ಟರ ಮಾತಿಗೆ ಕೊನೆಗೆ ತಲೆಯಾಡಿಸಿದರು. ಈಗ ಸಂಜೆ ದೀಪ ಹಚ್ಚಿದ ಮೇಲೆ ಜಗಲಿಯಲ್ಲಿ ಕುರ್ಚಿ ಹಾಕಿಕೊಂಡು ನಾಲ್ಕು–ಆರು ಮಾಡುತ್ತಾರೆ, ಎಣಿಕೆಗೆ ಬೆರಳ ಗೆಣ್ಣು. ಹಳೆಯ ಡೈರಿಯೊಂದರಲ್ಲಿ ತಾರೀಖು, ಬೆಳಗಿನ ಬಿಪಿ, ಸಂಜೆಯ ಬಿಪಿ, ಮಾತ್ರೆ ತಗೊಂಡಿದ್ದಕ್ಕೆ ಒಂದು ಗುರುತು, ನಾಲ್ಕು ಕಲಂ ಗೆರೆ ಎಳೆದಿದ್ದಾರೆ. ಹಿಂದಿನ ತಿಂಗಳು ಚೆಕಪ್‌ಗೆ ಹೋದಾಗ ಡಾಕ್ಟರ್ ಆ ಡೈರಿಯನ್ನು ಪುಟ ಪುಟ ತಿರುವಿ ನೋಡಿ, ಮಾತ್ರೆ ಇದ್ದಂತೆಯೇ ಇರಲಿ, ಇದನ್ನೂ ಹೀಗೇ ಬರೀತಾ ಇರಿ ಅಂದರು. ಬರುವಾಗ ಆಟೋದಲ್ಲಿ ಅಪ್ಪ ಡೈರಿಯನ್ನು ತೊಡೆಯ ಮೇಲಿಟ್ಟುಕೊಂಡು, ಬೆರಳ ಗೆಣ್ಣಿನ ಮೇಲೆ ಎಣಿಸುತ್ತ ಕೂತಿದ್ದರು.